ಗುಡ್ಡದ ಏರಿಗೆ ಹೊಸ ಮೋಟಾರು

ಬಿಟಿಎಂ ಲೇಔಟ್
ಶುಕ್ರವಾರ

ಅಪ್ಪಾಜಿಗೆ ಶಿಲ್ಪಶ್ರೀಯ ನಮಸ್ಕಾರಗಳು.

ನೀವು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ.

ಅವತ್ತು ಹನುಮಂತನಗರದ ದೇವಸ್ಥಾನದ ಗುಡ್ಡದ ಏರಿನಲ್ಲಿ ನಿಮ್ಮ ಗಾಲಿಕುರ್ಚಿ ನಿಂತುಹೋಗಿದ್ದು ನನ್ನ ತಪ್ಪಿನಿಂದ. ದೊಡ್ಡ ಮೋಟಾರು ಹಾಕಿದೆ, ಅದನ್ನು ನಡೆಸುವ ಸರ್ಕ್ಯೂಟ್ ಬೋರ್ಡನ್ನು ಮಾತ್ರ ಹಳೆಯದನ್ನೇ ಬಿಟ್ಟೆ. ಏರಿನಲ್ಲಿ ಮೋಟಾರು ಹೆಚ್ಚು ಕರೆಂಟ್ ಎಳೆದ ಕೂಡಲೇ ಬೋರ್ಡು ತನ್ನ ಹಳೆಯ ಅಳತೆಯಲ್ಲಿ ಅದನ್ನು ಅಪಾಯವೆಂದು ತಿಳಿದು ನಿಲ್ಲಿಸಿಬಿಟ್ಟಿತು. ನಾನು ಪರೀಕ್ಷೆ ಮಾಡಿದ್ದು ಕುರ್ಚಿಯನ್ನು ಇಟ್ಟಿಗೆಗಳ ಮೇಲೆ ಎತ್ತಿಟ್ಟು, ಗಾಲಿಗಳನ್ನು ಗಾಳಿಯಲ್ಲಿ ತಿರುಗಿಸಿ. ನಿಮ್ಮ ಭಾರವನ್ನೇ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ರಿಪೇರಿ ಅಂಗಡಿಯ ಸೋಮನಾಥ್, “ಆ ಕಟ್ ಆಗೋದನ್ನೇ ತೆಗೆದ್ಬಿಡಿ ಮೇಡಂ, ಸಖತ್ತಾಗಿ ಓಡುತ್ತೆ” ಅಂದರು. ತೆಗೆಯಲಿಲ್ಲ. ಗಾಲಿ ಎಲ್ಲಾದರೂ ಸಿಕ್ಕಿಕೊಂಡರೆ ಮೋಟಾರು ಸುಡುತ್ತದೆ, ಮೇಲೆ ಕೂತಿರುವವರು ನೀವು. ಬೋರ್ಡಿನಲ್ಲಿ ಕರೆಂಟ್ ಅಳೆಯುವ ಪುಟ್ಟ ರೆಸಿಸ್ಟರ್ ಬದಲಿಸಿ, ಅದರ ಪ್ರೋಗ್ರಾಂನಲ್ಲೂ ಹೊಸ ಮೋಟಾರಿಗೆ ತಕ್ಕ ಅಳತೆ ಬರೆದಿದ್ದೇನೆ.

ಆಮೇಲೆ ನಾನೇ ಕೂತು, ಮಡಿಲಲ್ಲಿ ಇಪ್ಪತ್ತೈದು ಕೆಜಿ ಅಕ್ಕಿ ಮೂಟೆ ಇಟ್ಟುಕೊಂಡು, ಅದೇ ಏರನ್ನು ಹನ್ನೊಂದು ಸಲ ಹತ್ತಿದೆ. ಹೂವು ಮಾರುವವರು “ಏನಕ್ಕ, ಹರಕೆನಾ?” ಅಂದರು. ಹೌದು ಅಂದೆ.

ಸೋಮವಾರ ಬೆಳಗ್ಗೆ ಆರಕ್ಕೆ ಕುರ್ಚಿ ತರುತ್ತೇನೆ, ಮತ್ತೆ ಗುಡ್ಡಕ್ಕೆ ಹೋಗೋಣ. ಸ್ವೆಟರ್ ಹಾಕಿಕೊಂಡಿರಿ. ಅವತ್ತು ನಾಲ್ವರು ಅಪರಿಚಿತರು ನಿಮ್ಮನ್ನು ಕುರ್ಚಿಸಮೇತ ಎತ್ತಿದಾಗ ನೀವು ಕಣ್ಣು ಮುಚ್ಚಿಕೊಂಡಿದ್ದನ್ನು ನೋಡಿದ್ದೇನೆ. ಈ ಸಲ ನಿಮ್ಮ ಹಿಂದೆಯೇ ನಡೆದು ಬರುತ್ತೇನೆ. ಕುರ್ಚಿಗೆ ಕೈ ಹಾಕುವುದಿಲ್ಲ.

ನಿಮ್ಮದೇ ಹಠದ ಮಗಳು,
ಶಿಲ್ಪಿ