ಹತ್ತಿಯೊಳಗಿನ ಹಡಗಿನ ಗಂಟೆ

೫ ಜನವರಿ ೨೦೨೫, ರವಿವಾರ, ಬೆಳಿಗ್ಗೆ ೭

ಜಳಕ, ಚಹಾ, ದೇವರ ಖೋಲಿಯ ಗಂಟೆ ಮೂರು ಸಲ. ದಿನದ ಪದ್ಧತಿ. ಓಣಿಯ ಜನ ಇದನ್ನು ಕೇಳಿಯೇ ಗಡಿಯಾರ ಹೊಂದಿಸುತ್ತಾರೆ. ಗುಡಗೇರಿಯಲ್ಲಿ ಹಡಗಿನ ಗಂಟೆ ಇರುವ ಮನೆ ಇದೊಂದೇ.

ಅಮೃತಾ ಬಂದಿದ್ದಳು. ತಮ್ಮನ ಮಗಳು, ಊರ ಶಾಲೆಯ ಟೀಚರ್. ಇಪ್ಪತ್ತಾರಕ್ಕೆ ಶಾಲೆಯ ಹೊಸ ವಾಚನಾಲಯಕ್ಕೆ ನಮ್ಮ ಅಪ್ಪನ ಹೆಸರು ಇಡುತ್ತಾರಂತೆ. 'ಕ್ಯಾಪ್ಟನ್ ಶಂಭುಲಿಂಗಪ್ಪ'. ನಲವತ್ತು ವರ್ಷ ಊರಿಗೆಲ್ಲ ಹೇಳಿದ್ದು ಸಾರ್ಥಕ. ಮಹಾಯುದ್ಧದಲ್ಲಿ ಹಡಗು ನಡೆಸಿದವ, ಮುಳುಗುವಾಗ ಕೊನೆಗೆ ಇಳಿದವ, ಗಂಟೆ ಕೊರಳಿಗೆ ಕಟ್ಟಿಕೊಂಡು ಮೂರು ಮೈಲಿ ಈಜಿದವ — ಬೇರೆ ಯಾರಪ್ಪ ಇದ್ದಾನೆ ಹಾಗೆ?

"ದೊಡ್ಡಪ್ಪಾ, ಆರ ಕಿಲೋ ಗಂಟಿ ಕೊಳ್ಳಾಗ ಕಟಗೊಂಡು ಅಜ್ಜ ಹೆಂಗ ಈಜಿದ? ನಮ್ಮೂರಾಗ ಈಜ ಕಲಿಯಾಕ ನೀರರ ಎಲ್ಲೈತಿ?"

"ನೀ ಮಗ್ಗಿ ಹೇಳಿಕೊಡಾಕಿ. ಸಮುದ್ರದ ಸುದ್ದಿ ನಿನಗ್ಯಾಕ ಬೇ?"

ನಕ್ಕಳು. ಗಂಟೆಯ ಫೋಟೋ ಫೇಸ್‌ಬುಕ್ಕಿಗೆ ಹಾಕಿದ್ದಾಳಂತೆ. ಯಾರೋ ಹುಬ್ಬಳ್ಳಿಯವ ವಿಳಾಸ ಕೇಳಿದನಂತೆ. ಇವಳು ಕೊಟ್ಟಳಂತೆ. ಇದು ಸರಿ ಬರಲಿಲ್ಲ ನನಗೆ.

೯ ಜನವರಿ

ಬಂದ. ಹೆಸರು ಶಿಶಿರ. ಬ್ಯಾಂಕ್ ನೌಕರಿ. ಬಗಲಲ್ಲಿ ಫೈಲು. ಹೇಳುವ ಮೊದಲೇ ಬೂಟು ಬಿಚ್ಚಿದ, ಕೈ ಮುಗಿದ. ಇಷ್ಟು ವಿನಯ ಯಾಕೆ? ಗಂಟೆಯನ್ನು ಮುಟ್ಟಲಿಲ್ಲ, ಸುತ್ತಲೂ ಬಗ್ಗಿ ಬಗ್ಗಿ ನೋಡಿದ. ಹಳೇ ಸಾಮಾನಿನ ವ್ಯಾಪಾರಿಗಳು ಹೀಗೆಯೇ ನೋಡುತ್ತಾರೆ.

"ಹೊರಗ ಹಡಗಿನ ಹೆಸರು ಕೆತ್ತಿರಬೇಕಲ್ರಿ?"

ಈಗ ಎಲ್ಲಿಂದ ಬರಬೇಕು? ಅವ್ವ ಪ್ರತಿ ಅಮಾವಾಸ್ಯೆಗೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದಳು. ಅವಳ ನಂತರ ನನ್ನ ಹೆಂಡತಿ ಮಹಾನಂದಾ. ಎಂಬತ್ತು ವರ್ಷ. ಅಕ್ಷರ ಸವೆದು ನುಣ್ಣಗಾಗಿ, ಮೇಲೆ ವಿಭೂತಿಯ ಮೂರು ಪಟ್ಟಿ ಉಳಿದಿದೆ.

ಆಮೇಲೆ ಹಡಗಿನ ಚರಿತ್ರೆ ಹೇಳಿದ, ನನಗೇ ಗೊತ್ತಿಲ್ಲದಷ್ಟು. ಹೆಸರು 'ಗಂಗಾವಳಿ'. ಸಮುದ್ರದ ಹಡಗೇ ಅಲ್ಲವಂತೆ. ಕಾರವಾರದ ಕಾಳಿ ನದಿಯಲ್ಲಿ ಜನರನ್ನು, ಆಡುಗಳನ್ನು, ತೆಂಗಿನಕಾಯಿ ಚೀಲಗಳನ್ನು ಆಚೆ ದಂಡೆಗೆ ದಾಟಿಸುತ್ತಿದ್ದ ಉಗಿಬೋಟು. ಹತ್ತಿ ಲಾರಿಯ ಜೊತೆ ಕಾರವಾರಕ್ಕೆ ಹೋದ ಅಪ್ಪ ಅಲ್ಲೇ ಕೆಲಸಕ್ಕೆ ನಿಂತಿದ್ದು, ಅದು ನಿಜ. ೧೯೪೨ರಲ್ಲಿ ಸರಕಾರ ಬೋಟನ್ನು ಯುದ್ಧಕ್ಕೆ ಎಳೆದುಕೊಂಡಿತು. ಬೂದು ಬಣ್ಣ ಬಳಿದರು. ಆಡು ಕಟ್ಟುವ ಜಾಗದಲ್ಲಿ ತೋಪು ಕೂಡಿಸಿದರು. ನದಿ ದಾಟಿಸುವವರನ್ನೇ ನೌಕಾದಳದವರು ಎಂದು ಮಾಡಿ ಮುಂಬಯಿ ಕಾಯಲು ಕಳಿಸಿದರು. ಮರುವರ್ಷ ಮಳೆಗಾಲದಲ್ಲಿ ನೀರೊಳಗಿನ ಬಾಂಬು ತಾಗಿ ಮುಳುಗಿತು.

"ಅದನ್ನ ನಡಸ್ತಿದ್ದ ಸಾರಂಗ, ಅಂದ್ರ ಕ್ಯಾಪ್ಟನ್, ನಮ್ಮ ಅಜ್ಜ ಪಂಢರಿನಾಥ," ಅಂದ.

ಹಾಗಾದರೆ ಅಪ್ಪ ಯಾರು? ಚಹಾ ಆರತೈತಿ ಕುಡೀರಿ, ಅಂದೆ.

೧೦ ಜನವರಿ

ಕಣ್ಣು ಗಂಟೆಯ ಮೇಲೇ ಇದೆ ಅವನದು. ಬಿಚ್ಚಿದೆ. ಪಡಸಾಲೆಯಲ್ಲಿ ಈ ಸಲದ ಹತ್ತಿ ಎದೆಯ ಮಟ್ಟ ಬಿದ್ದಿದೆ. ಸಪ್ಪಳ ಆಗದಂತೆ ಗಂಟೆಯೊಳಗೂ ಹತ್ತಿ ತುರುಕಿ ರಾಶಿಯ ತಳಕ್ಕೆ ಹೂತೆ. ಹುಡುಕಲಿ ನೋಡೋಣ.

"ದೇವರ ಗಂಟಿ ಎಲ್ಲಿ?" ಮಹಾನಂದಾ.

"ರಿಪೇರಿಗೆ ಕೊಟ್ಟೇನಿ."

"ಗಂಟಿಗೆ ಎಂಥಾ ರಿಪೇರಿ? ನಿಮ್ಮ ತಲಿ ಕೊಡಬೇಕಿತ್ತು."

೧೬ ಜನವರಿ

ಮತ್ತೆ ಬಂದ. ಫೈಲಿನಿಂದ ಒಂದು ಕಾಗದದ ಝೆರಾಕ್ಸ್ ತೆಗೆದ. ಹಡಗು ಮುಳುಗಿದ ಮೇಲೆ ಉಳಿದವನೊಬ್ಬ ಕೊಟ್ಟ ಹೇಳಿಕೆ. 'ಸಾರಂಗ ಪಂಢರಿನಾಥ ಎಲ್ಲರನ್ನೂ ಬಿಟ್ಟು ಮೊದಲು ಓಡಿದ.' ಹೆಣ ಸಿಗಲಿಲ್ಲ, ಹಾಗಾಗಿ ಎಲ್ಲರೂ ನಂಬಿದರು. ಕೆಳಗೆ ಕನ್ನಡದಲ್ಲಿ ಸಹಿ: ಶಂಭುಲಿಂಗಪ್ಪ. ಕೆಲಸ: ಎಂಜಿನ್ನಿಗೆ ಕಲ್ಲಿದ್ದಲು ಹಾಕುವುದು.

"ಕಂಪ್ಯೂಟರಿನ್ಯಾಗ ಏನ ಬೇಕಾದ್ದ ಹುಟ್ಟಸ್ತಾರ ಈಗ," ಅಂದೆ.

"ನನಗ ಗಂಟಿ ಬ್ಯಾಡ್ರಿ ಕಾಕಾ. ನಮ್ಮಪ್ಪಗ ಎಂಬತ್ತೆರಡು. ತಿಳುವಳಿಕಿ ಬಂದಾಗಿಂದ ಓಡಿಹೋದವನ ಮಗಾ ಅನಿಸ್ಕೊಂಡಾರ. ನಿಮ್ಮ ತಂದಿಯವರು ಸಾಯೂ ಮುಂದ ಏನರ ಬ್ಯಾರೆ ಮಾತ ಆಡಿದ್ರ ಹೇಳ್ರಿ. ಅಷ್ಟ ಬೇಕಾಗ್ಯದ."

ಇಲ್ಲ ಅಂದೆ. ಹೋದ.

ಸಹಿ ಖೊಟ್ಟಿ ಇರಬೇಕು. ಆದರೆ ಆ 'ಶ'... ಹೊಟ್ಟೆಯೊಳಗೆ ಸುಳಿ ಸುತ್ತಿದ 'ಶ'. ನಮ್ಮ ಹೊಲದ ಕಾಗದದಲ್ಲೂ ಹಾಗೇ ಇದೆ.

೨೨ ಜನವರಿ, ಮಧ್ಯಾಹ್ನ

ಗಂಟೆ ಬರುವವರೆಗೆ ಒಲೆ ಹಚ್ಚುವುದಿಲ್ಲ ಎಂದು ಮಹಾನಂದಾ ಕುಳಿತಳು. ತೆಗೆದೆ. ತುರುಕಿದ ಹತ್ತಿ ಕಿತ್ತೆ. ಎಲ್ಲ ಬಂತು, ಒಂದು ಬದಿಗೆ ಎಳೆ ಎಳೆಯಾಗಿ ಅಂಟಿಕೊಂಡೇ ಉಳಿಯಿತು. ಬಿಸಿಲಿಗೆ ಹಿಡಿದೆ. ಮೊಳೆಯಿಂದ ಗೀರಿದ ಗೆರೆಗಳು. ಗೆರೆಯೊಳಗೆ ಹತ್ತಿ ಕೂತು ಅಕ್ಷರ ಬೆಳ್ಳಗೆ ಎದ್ದಿವೆ.

ಪಂಢರಿ ನಿಂತ. ಗಂಟಿ ಕೊಟ್ಟ.
ನಾ ದೋಣಿಗೆ ಜಿಗಿದೆ.

ಹೊಲದ ಕಾಗದದಲ್ಲಿನ ಅಪ್ಪನ ಅದೇ 'ಗ'. ಅದೇ ಓರೆ ಸಾಲು. ಊಟ ಸೇರಲಿಲ್ಲ.

೨೩ ಜನವರಿ

ಹುಣಸೆಹಣ್ಣು ನೆನೆಹಾಕಿದೆ. ಬೂದಿ ತಂದೆ. ಒಂದು ತಾಸು ತಿಕ್ಕಿದರೆ ಹೋದೀತು.

ಮಹಾನಂದಾ ಬಾಗಿಲಲ್ಲಿ. "ಅಮಾಸಿಗೆ ಇನ್ನೂ ಆರ ದಿನ ಐತಿ. ಮತ್ತ ಒಳಗ ಯಾಕ ಕೈ ಹಾಕ್ತೀರಿ? ಒಳಗ ತಿಕ್ಕಬ್ಯಾಡಂತ ಮಾವನೋರ ಅತ್ತಿಯವರಿಗೆ ಹೇಳಿದ್ರು. ಅತ್ತಿ ನನಗ ಹೇಳಿದ್ರು."

"ಯಾಕಂತ?"

"ಯಾಕಂತ ಅತ್ತಿ ಕೇಳಲಿಲ್ಲ. ನಾನೂ ಕೇಳಲಿಲ್ಲ."

ಹುಣಸೆ ನೀರು ಚೆಲ್ಲಿದೆ.

೨೪ ಜನವರಿ

ಶಿಶಿರನಿಗೆ ಫೋನ್. ನಿಮ್ಮ ತಂದೀನ ಕರ್ಕೊಂಡು ಇಪ್ಪತ್ತಾರಕ್ಕ ಶಾಲಿಗೆ ಬರ್ರಿ ಅಂದೆ. ಯಾಕ್ರಿ, ಏನೈತ್ರಿ ಎಂದು ನಾಲ್ಕು ಸಲ ಕೇಳಿದ. ಅವನಿಗೂ ನನ್ನ ಮೇಲೆ ಸಂಶಯ. ಇರಲಿ.

ಲೆಕ್ಕ ಹಾಕಿದ್ದೇನೆ. ಮೇಲಿನ ಸಾಲು ಮಾತ್ರ ಓದುವುದು. ಮುದುಕನಿಗೆ ಅವನ ಅಪ್ಪ ಸಿಗುತ್ತಾನೆ. ಬೋರ್ಡಿನ ಮೇಲೆ ನನ್ನ ಅಪ್ಪ ಉಳಿಯುತ್ತಾನೆ. ಒಳಗೆ ಯಾರು ಬಗ್ಗಿ ನೋಡುತ್ತಾರೆ?

೨೬ ಜನವರಿ, ಸಂಜೆ

ಝೆಂಡಾ ಹಾರಿಸುವುದಾಯಿತು. ಬೋರ್ಡಿಗೆ ಇನ್ನೂ ಪರದೆ. ಅಮೃತಾ ಮೈಕು ಹಿಡಿದು ಪಕ್ಕದಲ್ಲಿ. ಮುದುಕ ನನ್ನ ಬಾಜು ಕುರ್ಚಿಯಲ್ಲಿ, ತೊಡೆಯ ಮೇಲೆ ಗಂಟೆ. ಕಣ್ಣು ಕಾಣುವುದಿಲ್ಲ. ಒಳಗೆ ಕೈ ಹಾಕಿ ಸವರಿದ.

"ನೀವ ಓದ್ರಿ."

"ಪಂಢರಿ ನಿಂತ. ಗಂಟಿ ಕೊಟ್ಟ."

"ಇನ್ನೊಮ್ಮೆ."

ಓದಿದೆ. ಮೂರನೆಯ ಸಲವೂ ಓದಿಸಿದ. ನನ್ನ ಕೆಲಸ ಮುಗಿಯಿತೆಂದು ಕುಳಿತೆ. ಮುದುಕನ ಬೆರಳು ನಿಂತಿರಲಿಲ್ಲ. ಕೆಳಗೆ ಜಾರಿತು, ತಡೆಯಿತು, ಹಿಂದೆ ಬಂತು.

"ಇಲ್ಲಿ ಇನ್ನೂ ಒಂದ ಸಾಲ ಅದ ಅಲ್ರಿ?"

ಗೊತ್ತಿದ್ದು ಕೇಳಿದನೋ, ಗೊತ್ತಿಲ್ಲದೆಯೋ. ಇಡೀ ಊರು ಎದುರಿಗೆ. ಅಮೃತಾ ಮೈಕನ್ನು ನನ್ನ ಬಾಯಿಯಿಂದ ಸರಿಸಿರಲಿಲ್ಲ. ಎದ್ದು ನಿಂತೆ. ಬಗ್ಗಿ ನೋಡಬೇಕಾಗಿರಲಿಲ್ಲ, ಬಾಯಿಪಾಠ ಇತ್ತು. ಗಟ್ಟಿಯಾಗಿ ಓದಿದೆ, ಕೊನೆಯ ಬೆಂಚಿಗೂ ಕೇಳುವಷ್ಟು — ನಾ ದೋಣಿಗೆ ಜಿಗಿದೆ.