ಮರ ಹೊಗಳುವ ದಿನ

ಹಿಂಟರ್‌ಮೂಸ್
ಜನವರಿ 8

ಆಲ್ಬನ್‌ನಿಗೆ,

'ಪ್ರೀತಿಯ' ಎಂದು ಬರೆಯಲು ಕೈ ಬರಲಿಲ್ಲ, ಹಾಗಾಗಿ ಬರಿಯ ಹೆಸರು. ನಿನ್ನ ಪತ್ರ ನಿನ್ನೆ ತಲುಪಿತು. ಕ್ರಿಸ್‌ಮಸ್ ಮರ ಹೇಗಿದೆ, ಎಲೆ ಉದುರುತ್ತಿದೆಯೇ, ಮರ ನಿಲ್ಲಿಸುವ ಅಜ್ಜನ ಕಾಲದ ಎರಕದ ಸ್ಟ್ಯಾಂಡನ್ನು ಯಾರ ಕೈಯಲ್ಲಾದರೂ ಕಳಿಸಿಕೊಡು, ಇಷ್ಟೇ. ಅಕ್ಟೋಬರಿನಲ್ಲಿ ಎರಡು ಸೂಟ್‌ಕೇಸ್ ಹಿಡಿದು ಪಕ್ಕದೂರಿನ ಇಂಗೆಬೋರ್ಗ್ ಎಂಬವಳ ಮನೆಗೆ ಹೊರಟುಹೋದವನು, ಮೂರು ತಿಂಗಳ ಮೇಲೆ ವಿಚಾರಿಸಿದ್ದು ಒಂದು ಮರದ ಕುಶಲವನ್ನು. ನಾನು ಇದ್ದೇನೋ ಸತ್ತಿದ್ದೇನೋ ಎಂದು ಕೇಳಲು ಕಾಗದದಲ್ಲಿ ಜಾಗ ಸಾಲಲಿಲ್ಲವೇನೋ.

ಸರಿ, ಮರದ ವಿಷಯವನ್ನೇ ಕೇಳು. ಡಿಸೆಂಬರ್ ಇಪ್ಪತ್ತಕ್ಕೆ ನಿನ್ನ ತಮ್ಮ ಅದನ್ನು ಟ್ರ್ಯಾಕ್ಟರಿನಲ್ಲಿ ತಂದು ಅಂಗಳದಲ್ಲಿ ಇಳಿಸಿದ. ನನ್ನ ಮುಖ ನೋಡದೆ ಹೋದ. ಬಲೆಯಲ್ಲಿ ಸುತ್ತಿದ ಮರದ ತುದಿಗೆ ನಿನ್ನ ಕೈಬರಹದ ಚೀಟಿ, ಅದರಲ್ಲಿ ಮರವನ್ನು ನೋಡಿಕೊಳ್ಳುವ ಬಗ್ಗೆ ಒಂಬತ್ತು ಅಪ್ಪಣೆ. ಹೆಂಡತಿಯನ್ನು ನೋಡಿಕೊಳ್ಳಲು ಬಾರದವನ ಉಪದೇಶ ಓದುವ ಪುರುಸೊತ್ತು ನನಗಿರಲಿಲ್ಲ. ಚೀಟಿಯನ್ನು ಒಲೆಗೆ ಹಾಕಿದೆ. ಮರವನ್ನೂ ಹಾಕುತ್ತಿದ್ದೆ, ಕೊಡಲಿ ಕೈಯಲ್ಲೇ ಇತ್ತು.

ಆದರೆ ಇಪ್ಪತ್ತಾರಕ್ಕೆ ಮರ ಹೊಗಳುವ ದಿನ. ಇಪ್ಪತ್ತೆರಡು ವರ್ಷದಿಂದ ಊರವರು ಮೊದಲು ಬರುವುದು ನಮ್ಮ ಮನೆಗೆ. ಬಾಗಿಲು ದಾಟಿ ಎಂಥಾ ಚಂದದ ಮರ ಎಂದವರಿಗೆ ಪುಟ್ಟ ಗ್ಲಾಸಿನಲ್ಲಿ ಪ್ಲಮ್ ಸಾರಾಯಿ ಕೊಡಲೇಬೇಕು. ಮರ ಸೊಟ್ಟಗಿದ್ದರೂ ಅವರು ಹೊಗಳಲೇಬೇಕು. ನೀನು ಹೋದದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ನಿನ್ನ ಮಂಡಿನೋವಿಗೆ ಬಿಸಿನೀರಿನ ಬುಗ್ಗೆಯ ಊರಿನಲ್ಲಿ ಚಿಕಿತ್ಸೆ ನಡೆದಿದೆ ಎಂದು ಬೇಕರಿಯಲ್ಲೂ ಚರ್ಚಿನಲ್ಲೂ ಸುಳ್ಳು ಹೇಳಿದ್ದೆ. ಮರ ಸೊರಗಿದರೆ ಈ ಮನೆಯಲ್ಲಿ ಏನೋ ಕೆಟ್ಟಿದೆ ಎಂದು ಮಾತೆದ್ದು ಗುಟ್ಟು ರಟ್ಟಾಗುತ್ತಿತ್ತು. ಗಂಡ ಬಿಟ್ಟವಳಾಗಿ ಅವರೆದುರು ನಿಲ್ಲುವುದು ನನ್ನಿಂದಾಗದು ಎನ್ನಿಸಿತು.

ಆದ್ದರಿಂದ ಎರಡು ದಿನ ಮರವನ್ನು ನೆಲಮಾಳಿಗೆಯ ತಂಪಿನಲ್ಲಿ ಬಕೆಟ್ ನೀರಿನಲ್ಲಿ ಇಟ್ಟೆ. ಆಮೇಲೆ ಬುಡವನ್ನು ಎರಡು ಬೆರಳಗಲ ಕೊಯ್ದೆ. ಸ್ಟ್ಯಾಂಡಿಗೆ ಕೂರಲಿ ಎಂದು ತೊಗಟೆ ಕೆತ್ತಲಿಲ್ಲ, ಕೆತ್ತಿದರೆ ಮರ ಸರಿಯಾಗಿ ನೀರು ಹೀರದು. ಗರಗಸ ಜಾರಿ ಹೆಬ್ಬೆರಳು ಸೀಳಿತು, ಆದರೂ ಕೊಯ್ದ ಜಾಗ ಒಣಗುವ ಮುಂಚೆ ಮರವನ್ನು ಸ್ಟ್ಯಾಂಡಿನಲ್ಲಿ ಬಿಗಿದು ನೀರು ತುಂಬಿದೆ. ಮೊದಲ ದಿನ ಅದು ಮದುವೆಮನೆಗೆ ಬಂದ ನೆಂಟನ ಹಾಗೆ ಕುಡಿಯಿತು. ಹಜಾರದ ಹೀಟರ್ ಆರಿಸಿ, ಉಣ್ಣೆ ಟೋಪಿ, ಕೋಟು ಹಾಕಿಕೊಂಡೇ ಊಟ ಮಾಡಿದೆ. ಹಬ್ಬದ ಬಾತುಕೋಳಿ ತಟ್ಟೆಯಲ್ಲೇ ಹೆಪ್ಪುಗಟ್ಟಿತು. ಮರದಿಂದ ಮಾತ್ರ ಒಂದು ಎಲೆಯೂ ಬೀಳಲಿಲ್ಲ.

ಇಪ್ಪತ್ತಾರರ ಮಧ್ಯಾಹ್ನ ಮೊದಲು ಬಂದದ್ದು ಎದುರುಮನೆಯ ಒಟೀಲಿ, ಅವಳ ಗಂಡ ಕ್ಸಾವರ್. ಒಟೀಲಿ ಕೊಂಬೆ ಸವರಿ, "ಎಂಥಾ ಚಂದದ ಮರ ಕಣೆ ರೋಸ್ವಿಟಾ. ಆಲ್ಬನ್ ಊರಲ್ಲಿ ಇಲ್ದಿದ್ರೂ ಅವನ ಕೈಗುಣ ಎಲ್ಲಿ ಹೋಗುತ್ತೆ" ಎಂದಳು. ಬ್ಯಾಂಡೇಜು ಸುತ್ತಿದ ಬೆರಳಿನಲ್ಲೇ ಸಾರಾಯಿ ಸುರಿದೆ. ಮೂರನೆಯ ಗ್ಲಾಸಿಗೆ ಕ್ಸಾವರನ ನಾಲಿಗೆ ಸಡಿಲವಾಯಿತು. ಬಗ್ಗಿ ಮರದ ಬುಡ ನೋಡಿ, "ಅಲ್ಲಿ ನೋಡಿದ್ದಕ್ಕಿಂತ ಇದೇ ವಾಸಿ. ಒಂದೇ ಗುಡ್ಡದ ಇಳಿಜಾರಲ್ಲಿ ಕಡಿದ ಜೋಡಿ ಮರ, ಆದ್ರೂ ಅಲ್ಲಿ ಆಗ್ಲೇ ನೆಲವೆಲ್ಲಾ ಎಲೆ. ಮನೆ ಬೆಚ್ಚಗಿರ್ಲಿ ಅಂತ ನೆಲದಡಿ ಬಿಸಿನೀರಿನ ಕೊಳವೆ ಹಾಕ್ಸಿದಾಳೆ ಆ ಯಮ್ಮ. ಸ್ಟ್ಯಾಂಡಿಲ್ಲ ಅಂತ ಆಲ್ಬನ್ ಬಕೆಟ್ಟಿಗೆ ಮರಳು ತುಂಬಿ ನಿಲ್ಸಿದಾನೆ" ಎಂದ. ಒಟೀಲಿ ಅವನ ಕಾಲು ತುಳಿಯುವಷ್ಟರಲ್ಲಿ ಎಲ್ಲ ಹೊರಬಿದ್ದಿತ್ತು.

ಅಂದರೆ ಅವರು ಇಂಗೆಬೋರ್ಗ್ ಮನೆಯ ಮರ ಹೊಗಳಿ, ಅಲ್ಲಿ ಕುಡಿದು, ಆಮೇಲೆ ನನ್ನ ಮನೆಗೆ ಬಂದಿದ್ದರು. ನನ್ನ ಕಿವಿಯೆಲ್ಲ ಕಾದುಹೋಯಿತು. ನಿಮಗೆ ಯಾವಾಗಿನಿಂದ ಗೊತ್ತು ಎಂದು ಕೇಳಿದೆ. "ಅಕ್ಟೋಬರಿಂದ್ಲೂ ಗೊತ್ತು ಕಣೆ. ನೀನು ಮಂಡಿ ಅಂದೆ, ನಾವೂ ಮಂಡಿ ಅಂದ್ವಿ" ಎಂದಳು ಒಟೀಲಿ. ಆ ಕ್ಷಣ ನಿನ್ನನ್ನು ದ್ವೇಷಿಸಿದಷ್ಟು ಎಂದೂ ದ್ವೇಷಿಸಿಲ್ಲ. ಊರೆಲ್ಲ ಸೇರಿ ನನ್ನ ಮೇಲೆ ಕನಿಕರಪಡುತ್ತಿತ್ತು, ನಾನು ಟೋಪಿ ಹಾಕಿಕೊಂಡು ಚಳಿಯಲ್ಲಿ ನಾಟಕ ಆಡುತ್ತಿದ್ದೆ.

ಬಾಟಲಿಗೆ ಬಿರಡೆ ಜಡಿದೆ. "ಇದು ಅವನ ಕೈಗುಣ ಅಲ್ಲ. ಬುಡ ಕೊಯ್ದಿದ್ದು ನಾನು, ನೀರು ಹಾಕಿದ್ದು ನಾನು, ನಡುಗಿದ್ದೂ ನಾನೇ. ಅವನು ಚಿಕಿತ್ಸೆಗೂ ಹೋಗಿಲ್ಲ, ಏನೂ ಇಲ್ಲ. ಹೊಗಳೋದಾದ್ರೆ ಸರಿಯಾಗಿ ಹೊಗಳಿ, ಇಲ್ಲಾಂದ್ರೆ ಬಾಗಿಲು ಅಲ್ಲಿದೆ" ಎಂದೆ. ಕ್ಸಾವರ್ ಹ್ಯಾಟು ತೆಗೆದ. "ರೋಸ್ವಿಟಾ, ನಿನ್ ಮರ ಚಂದ ಇದೆ" ಎಂದ. ಮತ್ತೆ ಬಿರಡೆ ತೆಗೆದೆ. ಸಂಜೆಯವರೆಗೆ ಬಂದ ಹದಿನಾಲ್ಕು ಜನರೂ ಬಾಗಿಲಲ್ಲೇ ಅದೇ ಮಾತು ಹೇಳಿದರು. ಒಟೀಲಿ ಸುದ್ದಿ ಮುಟ್ಟಿಸಿದ್ದಳು.

ಸ್ಟ್ಯಾಂಡ್ ಕಳಿಸುವುದಿಲ್ಲ. ಅದು ನಿನ್ನ ಅಜ್ಜನದೇ, ಅಲ್ಲವೆನ್ನುವುದಿಲ್ಲ. ಅಜ್ಜ ಸಾಯುವವರೆಗೂ ಅಜ್ಜಿಯ ಜೊತೆ ಇದೇ ಮನೆಯಲ್ಲಿದ್ದರು, ಸ್ಟ್ಯಾಂಡೂ ಇರಲಿ. ಮರ ಹಬ್ಬದ ಕಾಲ ಮುಗಿಯುವ ಫೆಬ್ರವರಿ ಎರಡರವರೆಗೆ ನಿಲ್ಲುತ್ತದೆ. ಮುಂದಿನ ವರ್ಷ ಮರ ಕಳಿಸಬೇಡ, ಆ ಇಳಿಜಾರಿನ ದಾರಿ ನನಗೂ ಗೊತ್ತು. ತಮ್ಮನನ್ನೂ ಕಳಿಸಬೇಡ.

ಇನ್ನು ನಿನ್ನವಳಲ್ಲದ,
ರೋಸ್ವಿಟಾ

ತಾ.ಕ.: ಚೀಟಿಯನ್ನು ಒಲೆಗೆ ಹಾಕಿದೆ ಎಂದದ್ದು ಸುಳ್ಳು. ಈ ಲಕೋಟೆಯಲ್ಲೇ ಇಟ್ಟಿದ್ದೇನೆ, ಮೇಲಿನ ಕಲೆ ನನ್ನ ಹೆಬ್ಬೆರಳಿನ ರಕ್ತದ್ದು. ಒಂಬತ್ತೂ ಬಾಯಿಪಾಠವಾಗಿವೆ. ಬೆಳಿಗ್ಗೆ ನೀರು ಹಾಕುವಾಗ ನಿನ್ನ ದನಿಯಲ್ಲೇ ಕೇಳಿಸುತ್ತವೆ, ಅದಕ್ಕೇ ಇದು ನನ್ನ ಮನೆಯಲ್ಲಿರಬಾರದು. ನಾಲ್ಕನೆಯದನ್ನು ನೀನೇ ಒಮ್ಮೆ ಓದಿಕೋ, ನಿನ್ನದೇ ಅಕ್ಷರ: ಬಿಸಿಯ ಹತ್ತಿರ ಇಟ್ಟರೆ ಎಂಥ ಮರವೂ ಬೇಗ ಬರಿದಾಗುತ್ತದೆ.