ಎಡಗಡೆಯ ಕುರ್ಚಿ

ಅಪ್ಪಾ,

ನೀನು ಹೋದ ಎರಡು ವರ್ಷಕ್ಕೆ ನಿನ್ನ ಗುಟ್ಟೊಂದು ನನ್ನ ತರಗತಿಯಲ್ಲಿ ರಟ್ಟಾಯಿತು.

ಐದು ವರ್ಷದ ಮಕ್ಕಳಿಗೆ ವಾರಕ್ಕೊಂದು ಹೆಸರಾಂತ ಚಿತ್ರ ತೋರಿಸುತ್ತೇನೆ. ಇವತ್ತಿನದು, ಕಲಾವಿದನೊಬ್ಬ ತನ್ನದೇ ಮಲಗುವ ಕೋಣೆಯನ್ನು ಬರೆದದ್ದು: ನೀಲಿ ಗೋಡೆ, ಹಳದಿ ಮಂಚ. ಪುಸ್ತಕದ ಜೊತೆ, ನೀನು ಕ್ಯಾಲೆಂಡರಿನಿಂದ ತೆಗೆದು ಕಟ್ಟು ಹಾಕಿಕೊಟ್ಟ ಅದೇ ಚಿತ್ರವನ್ನೂ ಒಯ್ದಿದ್ದೆ. ನಮ್ಮಪ್ಪನ ಕೆಲಸ ಎಂದು ಜಂಬ ಕೊಚ್ಚಿಕೊಳ್ಳುವ ಆಸೆ.

"ಮಿಸ್, ಪುಸ್ತಕದಲ್ಲಿ ಎರಡು ಕುರ್ಚಿ ಇದೆ. ನಿಮ್ಮದ್ರಲ್ಲಿ ಒಂದೇ," ಅಂದಳು ಮುಂದಿನ ಸಾಲಿನ ವಾಚಾಳಿ.

"ನಮ್ಮಪ್ಪ ಕತ್ತರಿಸಿಬಿಟ್ರು ಅನ್ಸುತ್ತೆ."

"ಮತ್ತೆ ಆ ಮಾಮನ ರೂಮಿಗೆ ಯಾರಾದ್ರೂ ಬಂದ್ರೆ ಎಲ್ಲಿ ಕೂತ್ಕೋತಾರೆ?"

ನಾನು ಬಣ್ಣದ ಪೆನ್ಸಿಲ್ ಹಂಚಲು ಎದ್ದೆ.

ಫೋಟೋಗಳಿಗೆ ಕಟ್ಟು ಹಾಕುವ ನಿನ್ನ ಅಂಗಡಿಯಲ್ಲಿ ಮಿಕ್ಕ ಚೌಕಟ್ಟಿಗೆ ಚಿತ್ರವನ್ನೇ ಕತ್ತರಿಸಿ ಕೂರಿಸುವುದು ನಿನ್ನ ಹಳೆಯ ಚಾಳಿ. ಅದಕ್ಕಾಗಿ ನಿನ್ನ ಮೇಲೆ ಎಷ್ಟು ಸಲ ಹರಿಹಾಯ್ದಿದ್ದೇನೋ. ಸಂಜೆ ಮನೆಗೆ ಬಂದು ಹಿಂದಿನ ರಟ್ಟು ಬಿಚ್ಚಿದೆ. ಕತ್ತರಿಸಿದ ಪಟ್ಟಿಯನ್ನು ನೀನು ಎಸೆದಿರಲಿಲ್ಲ. ಚಿತ್ರದ ಬೆನ್ನಿಗೇ ಜೋಪಾನವಾಗಿ ಇಟ್ಟಿದ್ದೆ. ಎಡಗಡೆಯ ಕುರ್ಚಿ ಹಾಗೇ ಇದೆ. ಬೆಳಕು ಕಾಣದ್ದರಿಂದ ಬಣ್ಣವೂ ಮಾಸಿಲ್ಲ.

ಇದನ್ನು ಕೊಡಲೆಂದು ನೀನು ನನ್ನ ಬಾಡಿಗೆ ಕೋಣೆಗೆ ಬಂದದ್ದು ಒಂದೇ ಸಲ. ನೀನೇ ಮೊಳೆ ಹೊಡೆದು ನೇತುಹಾಕಿ, ಓರೆಯಾಗಿದೆಯೇ ಎಂದು ಹಿಂದೆ ಸರಿದು ನೋಡಿದೆ. ಆಮೇಲೂ ನೀನು ಸುಮಾರು ಹೊತ್ತು ನಿಂತೇ ಇದ್ದೆ.

ಆ ಕೋಣೆಯಲ್ಲಿ ಇದ್ದದ್ದೂ ಒಂದೇ ಕುರ್ಚಿ, ಅಪ್ಪಾ. ಅದರಲ್ಲಿ ನಾನು ಕೂತಿದ್ದೆ.